ಹಳೆಯ ಬೈಕಿಗೆ ಆಯಿಲ್ ಗೇಜ್ ಮಾರಿ ಎಂಜಿನ್ ಬಿಚ್ಚಿಸುವವರಿದ್ದಾರೆ, ಹುಷಾರು

ಹಳೆಯ ಏರ್‌ಕೂಲ್ಡ್ ಬೈಕ್ ಇಟ್ಟುಕೊಂಡವರಿಗೆ ಎಂಜಿನ್ ಬಿಸಿಯಾಗುವ ಭಯ ಇದ್ದೇ ಇರುತ್ತದೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡವರ ಕೈಗೆ ನಾನು ಸಿಕ್ಕಿದ್ದೆ. ಹಣ ಹೋದದ್ದು ಹೋಗಲಿ, ಅವರು ಕೊಟ್ಟ ಉತ್ತರಗಳು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮಾರಿದ್ದು ಒಂದು ಕಿಟ್. ಆಯಿಲ್ ತುಂಬುವ ಮುಚ್ಚಳದ ಜಾಗದಲ್ಲಿ ಕೂತು ಆಯಿಲ್ ಎಷ್ಟು ಬಿಸಿ ಎಂದು ತೋರಿಸುವ ಮುಳ್ಳಿನ ಗೇಜ್, ಆಯಿಲ್ ಇಳಿಸುವ ತೂತಿಗೆ ಹಾಕುವ ಅಯಸ್ಕಾಂತವಿರುವ ಡ್ರೈನ್ ಪ್ಲಗ್, ಜೊತೆಗೆ ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳುಹಿಸಿ ಲೋಹದ ಸವೆತದ ವರದಿ. ವರದಿ ಉಚಿತ! ಅಲ್ಲೇ ಅನುಮಾನ ಬರಬೇಕಿತ್ತು ಎನ್ನುವವರು ಎನ್ನಲಿ.

ಗೇಜ್ ಕೂರಿಸಿದ ಮೇಲೆ ಸಾಧಾರಣ ಓಟದಲ್ಲೇ ಮುಳ್ಳು 150 ಡಿಗ್ರಿ ದಾಟತೊಡಗಿತು. ಇಂಥ ಎಂಜಿನ್ನುಗಳಲ್ಲಿ ಸಂಪಿನ, ಅಂದರೆ ಎಂಜಿನ್ನಿನ ತಳದಲ್ಲಿ ನಿಲ್ಲುವ ಆಯಿಲ್ ಸಾಮಾನ್ಯವಾಗಿ 90ರಿಂದ 120ರ ಆಸುಪಾಸಿನಲ್ಲಿರುತ್ತದೆ. 150ರಲ್ಲಿ ಮಿನರಲ್ ಆಯಿಲ್ ಬಹಳ ಬೇಗ ಹಾಳಾಗುತ್ತದೆ. ಗಾಬರಿಯಿಂದ ಫೋನ್ ಮಾಡಿದರೆ, “ನಮ್ಮ ಗೇಜ್ ಇಲ್ಲದಿದ್ದರೆ ಇದು ನಿಮಗೆ ಗೊತ್ತೇ ಆಗುತ್ತಿರಲಿಲ್ಲ ಸರ್” ಎಂದರು. ಪ್ಲಗ್ ಬಿಚ್ಚಿದಾಗ ಅಂಟಿದ್ದ ಬೂದು ಪೇಸ್ಟನ್ನು ತೋರಿಸಿ, “ನೋಡಿ, ಎಂಜಿನ್ ಪುಡಿಯಾಗಿ ಬರುತ್ತಿದೆ” ಎಂದರು. ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್ ಇರುವ ಬೈಕಿನಲ್ಲಿ, ಬೆರಳಲ್ಲಿ ಉಜ್ಜಿದರೆ ನುಣ್ಣಗಿರುವ ಪೇಸ್ಟ್ ಸಿಗುವುದು ಸಹಜ. ಚೂರು, ಹಕ್ಕಳೆ, ಸೂಜಿಯಂಥ ತುಣುಕು ಸಿಕ್ಕರೆ ಹೆದರಬೇಕು. ಇದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದೇ ಹೆದರಿಸಿದರು.

ಆಮೇಲೆ ವರದಿ ಬಂತು. ಬಣ್ಣದ ಗ್ರಾಫು, ಕೆಂಪು ಅಕ್ಷರ. “ಕ್ರ್ಯಾಂಕ್ ಬೇರಿಂಗ್ ಶೆಲ್‌ಗಳ ಸೀಸ ಮತ್ತು ತವರದ ಪದರ ಸವೆದಿದೆ, ಕೂಡಲೇ ಎಂಜಿನ್ ಬಿಚ್ಚಿಸಿ.” ಬಿಚ್ಚುವವರು ಯಾರು? ಅವರೇ. ಮುಂಗಡ ಎಷ್ಟು ಎಂಬುದೂ ಕೆಳಗೇ ಬರೆದಿತ್ತು. ಓದುತ್ತಾ ಹೋದವನು ಥಟ್ಟನೆ ನಿಂತೆ. ಶೆಲ್? ಅದು ಉರುಳುವ ಗುಂಡುಗಳಿಲ್ಲದ, ಬಾಗಿದ ತೆಳು ಲೋಹದ ಪಟ್ಟಿಯಂಥ ಬೇರಿಂಗ್. ನನ್ನ ಎಂಜಿನ್ನಿನಲ್ಲಿ ಶೆಲ್ಲೇ ಇಲ್ಲ! ಕನೆಕ್ಟಿಂಗ್ ರಾಡಿನ ಬುಡದಲ್ಲಿರುವುದು ರೋಲರ್ ಬೇರಿಂಗ್, ಕ್ರ್ಯಾಂಕಿನ ಎರಡೂ ಬದಿಗೆ ಬಾಲ್ ಬೇರಿಂಗ್. ಇಲ್ಲದ ಹಲ್ಲಿಗೆ ಹುಳುಕು ಹಿಡಿದಿದೆ ಎಂದು ಚೀಟಿ ಬರೆದುಕೊಟ್ಟ ಹಾಗಾಯಿತು.

ಕೇಳಿದೆ. “ಲ್ಯಾಬಿನವರು ಎಲ್ಲ ಬೈಕಿಗೂ ಒಂದೇ ನಮೂನೆಯಲ್ಲಿ ಬರೆಯುತ್ತಾರೆ, ನೀವು ಅಂಕಿಗಳನ್ನು ನೋಡಿ.” ಸರಿ, ಅಂಕಿಗಳನ್ನೇ ನೋಡಿದೆ. ಸತು 0, ರಂಜಕ 0. ಸವೆತ ತಡೆಯಲೆಂದು ಆಯಿಲ್ ತಯಾರಿಸುವಾಗಲೇ ಬೆರೆಸುವಂಥವು ಇವು. ನಾನು ಹಾಕುವುದು ಜಾಸೋ ಎಂಎ (ಬೈಕ್ ಆಯಿಲ್‌ಗಳಿಗೆ ಇರುವ ಜಪಾನಿನ ಮಾನದಂಡ) ಗುರುತಿನ ಆಯಿಲ್. ಅದರಲ್ಲಿ ರಂಜಕವೇ ಶೇಕಡ 0.08ರಿಂದ 0.12ರಷ್ಟು ಇರಬೇಕು, ಅಂದರೆ ಹತ್ತು ಲಕ್ಷ ಭಾಗಕ್ಕೆ 800ರಿಂದ 1200. ಆಯಿಲ್ ಎಷ್ಟೇ ಹಳೆಯದಾದರೂ ಅದು ಸೊನ್ನೆಯಾಗುವುದಿಲ್ಲ. ಆಗ ಮತ್ತೊಂದು ಕೆಲಸ ಮಾಡಿದೆ: ಆಗಷ್ಟೇ ಸೀಲ್ ಒಡೆದ ಡಬ್ಬಿಯಿಂದ, ಎಂಜಿನ್ನಿನ ಮುಖವನ್ನೇ ನೋಡದ ಹೊಸ ಆಯಿಲನ್ನು ಮಾದರಿ ಎಂದು ಕೊಟ್ಟೆ. ಉತ್ತರ ಅದೇ. ಶೆಲ್ ಸವೆದಿದೆ, ಬಿಚ್ಚಿಸಿ!

ಇನ್ನು ಗೇಜ್. ಅದರ ಕಡ್ಡಿಯನ್ನು ಕುದಿಯುವ ನೀರಿಗೆ ಅದ್ದಿದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಎತ್ತರದ ಜಾಗವಾದರೆ ಇನ್ನೂ ಕಡಿಮೆಗೆ. ಮುಳ್ಳು ಹೋಗಿ ನಿಂತದ್ದು 140ರ ಹತ್ತಿರ. ವಿಡಿಯೊ ಮಾಡಿ ಕಳುಹಿಸಿದರೆ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಸರ್, ಈ ಗೇಜ್ ಆಯಿಲ್‌ಗೆ ಮಾಡಿದ್ದು, ನೀರಿಗಲ್ಲ.” ಆಯಿಲ್‌ನ ಡಿಗ್ರಿ ಬೇರೆ, ನೀರಿನ ಡಿಗ್ರಿ ಬೇರೆಯೇ? ಇಂಥವರ ಮಾತು ನಂಬಿ ಎಷ್ಟು ರಾತ್ರಿ ನಿದ್ದೆಗೆಟ್ಟೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ನೀರಿಗಲ್ಲವಂತೆ!

ಗೇಜ್ ತಂದರೆ ಬೈಕಿಗೆ ಹಾಕುವ ಮೊದಲೇ ಕುದಿಯುವ ನೀರಿನಲ್ಲಿ ನೋಡಿ. ಅಯಸ್ಕಾಂತ ಹಿಡಿಯುವುದು ಕಬ್ಬಿಣ, ಉಕ್ಕನ್ನು ಮಾತ್ರ. ಪಿಸ್ಟನ್ನಿನ ಅಲ್ಯೂಮಿನಿಯಂ, ಬುಶ್‌ಗಳ ತಾಮ್ರ ಅದಕ್ಕೆ ಅಂಟುವುದಿಲ್ಲ. ನಿಜವಾದ ಲ್ಯಾಬು ಯಾವ ಎಂಜಿನ್, ಆಯಿಲ್ ಹಾಕಿ ಎಷ್ಟು ಕಿಲೋಮೀಟರ್ ಆಯಿತು ಎಂದು ಮೊದಲು ಕೇಳುತ್ತದೆ, ಇವರು ಕೇಳಲೇ ಇಲ್ಲ. ಲ್ಯಾಬಿನ ಯಂತ್ರಕ್ಕೂ ದೊಡ್ಡ ಚೂರುಗಳು ಕಾಣುವುದಿಲ್ಲ, ಅದಕ್ಕೆ ಹಳೆಯ ಫಿಲ್ಟರನ್ನು ಕತ್ತರಿಸಿಯೇ ನೋಡಬೇಕು. ಒಂದೇ ವರದಿ ಹಿಡಿದು ಎಂಜಿನ್ ಬಿಚ್ಚಬೇಡಿ, ಕೆಲವು ಸಲದ ಅಂಕಿಗಳು ಏರುತ್ತಿವೆಯೇ ಎಂದು ನೋಡಿ. ಗೇಜ್ ಮಾರುವವನ ಕೈಗೇ ಸ್ಪ್ಯಾನರ್ ಕೊಡಬೇಡಿ.

ಹಣ ವಾಪಸ್ ಕೇಳಿದ್ದಕ್ಕೆ, “ವರದಿ ಉಚಿತವಾಗಿತ್ತಲ್ಲ ಸರ್, ವಾಪಸ್ ಏನು ಕೊಡುವುದು?” ಎಂದರು. ಗೇಜ್ ಉಚಿತವಾಗಿತ್ತೇ ಎಂದು ಕೇಳಿದೆ. ಅಲ್ಲಿಂದ ಫೋನ್ ಎತ್ತುತ್ತಿಲ್ಲ. ಈಗ ಅದೇ ಕಿಟ್ಟನ್ನು ಬೇರೆ ಡಬ್ಬಿಯಲ್ಲಿಟ್ಟು ಮಾರುತ್ತಿದ್ದಾರೆ. ಡಬ್ಬಿಯ ಹೆಸರು ನೋಡಬೇಡಿ, ವರದಿಯ ಒಂದು ಮಾದರಿ ಪ್ರತಿ ಕೇಳಿ. ಸತು, ರಂಜಕದ ಮುಂದೆ ಸೊನ್ನೆ ಇದ್ದರೆ ಅವರೇ.