ಗಾಳಿ ಮೀಟರ್, 3 ವರ್ಷದ ಬಳಕೆ: ಔಷಧಿ ಹೊಡೆಯೋಕೆ ಸರಿ, ಬಿರುಗಾಳಿಗೆ ಸುಳ್ಳು

ಹೋದ ವರ್ಷ ಭರಣಿ ಮಳೆಯ ಒಂದು ಸಂಜೆ ನಮ್ಮ ಪಾಲಿಹೌಸಿನ (ಪ್ಲಾಸ್ಟಿಕ್ ಶೀಟ್ ಹೊದಿಸಿ ಒಳಗೆ ಬೆಳೆ ಬೆಳೆಯುವ ಮನೆ) ಪಡುವಣ ಕಡೆಯ ಶೀಟ್ ಪೂರಾ ಕಿತ್ತುಕೊಂಡು ಹೋಗಿ ಪಕ್ಕದವರ ದ್ರಾಕ್ಷಿ ಚಪ್ಪರದ ಮೇಲೆ ಬಿತ್ತು. ಆವತ್ತು ನನ್ನ ಹವಾಮಾನ ಯಂತ್ರ ಹಿಡಿದ ಅತಿ ಜೋರು ಗಾಳಿ ಗಂಟೆಗೆ 41 ಕಿ.ಮೀ. ವಿಮೆಯವರು ಕಳಿಸಿದ ಸರ್ವೇಯರ್‌ಗೆ ನಾನೇ ಉತ್ಸಾಹದಿಂದ ಮೊಬೈಲಿನಲ್ಲಿ ಗ್ರಾಫ್ ತೆಗೆದು ತೋರಿಸಿದೆ. "ನಿಮ್ಮ ಮೀಟರೇ 41 ಅಂತಿದೆಯಲ್ಲ ಸ್ವಾಮಿ, ಇಷ್ಟು ಗಾಳಿಗೆ ಶೀಟ್ ಹಾರುತ್ತಾ?" ಅಂದರು. 14,500 ರೂಪಾಯಿ ಕೊಟ್ಟು ನನ್ನ ವಿರುದ್ಧ ನಾನೇ ಸಾಕ್ಷಿ ಸಾಕಿಕೊಂಡಿದ್ದೆ.

ಕಂಪನಿ ಹೆಸರು ಬೇಡ. ಮೂರು ಬಟ್ಟಲು ತಿರುಗುವ ಮಾಮೂಲಿ ಮಾದರಿ, ಆನ್‌ಲೈನಲ್ಲಿ ಹುಡುಕಿದರೆ ಇಂಥವು ಹತ್ತು ಸಿಗುತ್ತವೆ. ನಮ್ಮ ತೋಟ ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ, ಎರಡು ಗುಡ್ಡದ ನಡುವೆ ಗಾಳಿ ನುಗ್ಗುವ ಬಾಯಲ್ಲೇ ಇದೆ. ಅದಕ್ಕೇ ಆಸೆಪಟ್ಟು ತಗೊಂಡಿದ್ದು.

ಮೊದಲ ಎರಡು ವರ್ಷ ಇದು ಮನೆಯ ಒಬ್ಬರ ಹಾಗೇ ಇತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿಯ ಹತ್ತಿರ ನಿಂತು, ಪರದೆಯಲ್ಲಿ ಹಿಂದಿನ ದಿನದ ಗರಿಷ್ಠ ಗಾಳಿ ನೋಡಿ, ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಬರೆದು, ಗುಂಡಿ ಒತ್ತಿ ಸೊನ್ನೆ ಮಾಡುವುದು. ಅದೇ ಚೌಕದಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾರೆ. "ಹಾಲು 2, ಗಾಳಿ 23." ಒಂದು ತಿಂಗಳು ಹಾಲಿನವನಿಗೆ ಗಾಳಿಯನ್ನೂ ಕೂಡಿ ದುಡ್ಡು ಕೊಡಲು ಹೊರಟಿದ್ದರು.

ಸರ್ವೇಯರ್ ಹೋದ ರಾತ್ರಿ ಮ್ಯಾನ್ಯುಅಲ್ ತೆಗೆದೆ. ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ: ಹೊರಗಿನ ಸೆನ್ಸರ್ 48 ಸೆಕೆಂಡಿಗೊಮ್ಮೆ ಎಚ್ಚರಗೊಂಡು ಆ ಗಳಿಗೆಯ ಗಾಳಿ ಅಳೆದು ಕಳಿಸುತ್ತದೆ, ಬ್ಯಾಟರಿ ಉಳಿಸಲು. ನಡುವೆ ಬಂದದ್ದು ಬಂದ ಹಾಗೇ ಹೋಯಿತು. ನಂಬಿಕೆಯಾಗದೆ ಮಾರನೇ ದಿನ ಕಂಬದಿಂದ ಬಿಚ್ಚಿ ತಂದು ಸ್ಟ್ಯಾಂಡ್ ಫ್ಯಾನಿನ ಮುಂದೆ ಹಿಡಿದೆ. 5 ಸೆಕೆಂಡು ಗಾಳಿ ಕೊಟ್ಟು ಮರೆ ಮಾಡುವುದು, ಬಟ್ಟಲು ನಿಂತ ಮೇಲೆ ಪರದೆ ನೋಡುವುದು. ಹತ್ತು ಸಲದಲ್ಲಿ ಎಂಟು ಸಲ ಸೊನ್ನೆ! ಬಟ್ಟಲು ಬುಗುರಿಯ ಹಾಗೆ ತಿರುಗುತ್ತಿದೆ, ಪರದೆ ಮಾತ್ರ ನಿದ್ದೆ.

ಬಿರುಗಾಳಿಯ ಏಟು ಅನ್ನುವುದೇ ಕೆಲವು ಸೆಕೆಂಡಿನ ಮಾತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಅಳೆಯುವುದೇ 3 ಸೆಕೆಂಡಿನ ಸರಾಸರಿಯಲ್ಲಿ. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ತುದಿಯಲ್ಲಿ 1934ರ ಏಪ್ರಿಲ್ 12ರಂದು ಗಂಟೆಗೆ 372 ಕಿ.ಮೀ. ಗಾಳಿ ದಾಖಲಾದಾಗ, ಒಳಗೆ ಕೂತವರು ಯಂತ್ರದ ಟಿಕ್ ಟಿಕ್ ಸದ್ದನ್ನು ಸ್ಟಾಪ್‌ವಾಚ್ ಹಿಡಿದು ಎಣಿಸಿದ್ದರು. ಮಂಜುಗಡ್ಡೆ ಕಟ್ಟದಂತೆ ಬಿಸಿ ಮಾಡುವ ಯಂತ್ರ ಅದು. ಅಷ್ಟಾದರೂ ಒಬ್ಬರು ಹೊರಗೆ ಹೋಗಿ ದೊಣ್ಣೆಯಲ್ಲಿ ಬಡಿದು ಮಂಜು ಉದುರಿಸಬೇಕಾಯಿತು. ಆ ದಾಖಲೆ ಮುರಿದದ್ದು 1996ರಲ್ಲಿ, ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ, ಚಂಡಮಾರುತದ 408 ಕಿ.ಮೀ. ಏಟು. ಅಲ್ಲೆಲ್ಲ ನನ್ನ ಯಂತ್ರ ಇದ್ದಿದ್ದರೆ ಆ ಹೊತ್ತಿಗೆ ಅದರ ಸರದಿಯೇ ಬಂದಿರುತ್ತಿರಲಿಲ್ಲವೇನೋ.

ಕೊನೆಗೆ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಬೇಲಿಯಲ್ಲಿ ಬುಡಸಮೇತ ಮಗುಚಿದ ಎರಡು ನೀಲಗಿರಿ ಮರ. ಬೋಫರ್ಟ್ ಅಂತ ಒಂದು ಹಳೇ ಅಳತೆ ಇದೆ. ಅದರಲ್ಲಿ ಮರ ಬುಡಮೇಲು ಮಾಡುವ ಗಾಳಿ ಅಂದರೆ 89ರಿಂದ 102 ಕಿ.ಮೀ. ಗಾಳಿಯ ವೇಗ ಇಮ್ಮಡಿಯಾದರೆ ಶೀಟಿನ ಮೇಲಿನ ಒತ್ತಡ ನಾಲ್ಕರಷ್ಟು. ಮರದ ಫೋಟೋ ಕಳಿಸಿ ಇದನ್ನೆಲ್ಲ ವಿವರಿಸಿದ ಮೇಲೆ ಅರ್ಧ ದುಡ್ಡು ಬಂತು.

ಸಿಟ್ಟಲ್ಲಿ ಮೀಟರನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಪಕ್ಕದ ತೋಟದವರ ಫೋನು: "ಅಣ್ಣಾ, ಗಾಳಿ ಎಷ್ಟಿದೆ ಹೇಳು, ಔಷಧಿ ಹೊಡಿಬೇಕು." ಗಾಳಿ ಹತ್ತು ದಾಟಿದರೆ ನಾವ್ಯಾರೂ ಹೊಡೆಯಲ್ಲ, ದುಡ್ಡೆಲ್ಲ ಪಕ್ಕದ ಹೊಲಕ್ಕೆ ಹಾರಿಹೋಗುತ್ತೆ. ಈ ಕೆಲಸಕ್ಕೆ 48 ಸೆಕೆಂಡಿಗೊಮ್ಮೆ ನೋಡಿದರೆ ಧಾರಾಳ ಸಾಕು. ಅಲ್ಲದೆ ಆಷಾಢದ ಗಾಳಿ ಏಪ್ರಿಲ್ ಗಾಳಿಯ ಹಾಗೆ ಕಳ್ಳನಲ್ಲ, ಬಂದರೆ ದಿನವಿಡೀ ಒಂದೇ ಸಮ ಬೀಸುತ್ತದೆ. ಅದರ ಲೆಕ್ಕ ಇದು ಚೆನ್ನಾಗೇ ಕೊಡುತ್ತದೆ. ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಕಂಬಕ್ಕೆ ಏರಿಸಿದೆ.

ಇನ್ನು ಚಿಲ್ಲರೆ ವಿಷಯ. ಬಟ್ಟಲಿನ ಕೆಳಗೆ ಜೇಡ ಗೂಡು ಕಟ್ಟುತ್ತೆ, ತಿಂಗಳಿಗೊಮ್ಮೆ ನೋಡಿ. ಎಣ್ಣೆ ಬಿಡಬೇಡಿ, ಧೂಳು ಕಚ್ಚಿಕೊಳ್ಳುತ್ತೆ. ಮನೆ ತಾರಸಿಯ ಪ್ಯಾರಪೆಟ್ ಪಕ್ಕ ಅಂತೂ ಹಾಕಲೇಬೇಡಿ. ಹತ್ತು ಮೀಟರ್ ಎತ್ತರದ ಬಯಲು ಕಂಬ ಸರಿಯಾದ ಜಾಗ. ನನ್ನದು ಆರು ಮೀಟರ್, ಜಿಐ ಪೈಪಿಗೆ ಅಷ್ಟೇ ದುಡ್ಡಿತ್ತು.

5ಕ್ಕೆ 3 ಸ್ಟಾರ್. 25 ಸಾವಿರದೊಳಗೆ 3 ಸೆಕೆಂಡಿಗೊಮ್ಮೆ ಅಳೆಯುವುದು ಯಾರಾದರೂ ಬಳಸುತ್ತಿದ್ದರೆ ಹೇಳಿ. ಅಲ್ಲಿಯವರೆಗೆ ಮೋಡ ಕಪ್ಪಾದರೆ ಪರದೆ ನೋಡದೆ ಪಾಲಿಹೌಸಿನ ಕರ್ಟನ್ ಇಳಿಸಲು ಓಡುತ್ತಿದ್ದೇನೆ.