ಮೋಚಿಕೊ, ಶಿರಾತಮಾಕೊ: ಯಾವ ಹಿಟ್ಟು ಯಾವ ಸಿಹಿಗೆ

ಜಪಾನೀ ಶೈಲಿಯ ಅಕ್ಕಿ ಹಿಟ್ಟಿನ ಸಿಹಿಗಳನ್ನು ಮನೆಯಲ್ಲಿ ಮಾಡಲು ಹೊರಟವರು ಮೊದಲು ಎಡವುವುದು ಹಿಟ್ಟನ್ನು ಆರಿಸುವಾಗಲೇ. ಮೋಚಿಕೊ, ಶಿರಾತಮಾಕೊ, ಜೋಶಿಂಕೊ ಮೂರೂ ಅಕ್ಕಿ ಹಿಟ್ಟುಗಳೇ ಆದರೂ ಒಂದರ ಬದಲು ಇನ್ನೊಂದನ್ನು ಬಳಸಿದರೆ ಸಿಹಿಯ ಹದವೇ ಕೆಡುತ್ತದೆ. ಜೋಶಿಂಕೊ ಸಾಧಾರಣ ಅಕ್ಕಿಯ ಹಿಟ್ಟಾದ್ದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ. ಉಳಿದೆರಡನ್ನೂ ಹಲವು ಬಾರಿ ಬಳಸಿ ನೋಡಿದ ಮೇಲೆ, ಓವನ್ನಿಗೆ ಮೋಚಿಕೊ, ಕುದಿಯುವ ನೀರಿಗೆ ಶಿರಾತಮಾಕೊ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಎರಡರ ಮೂಲವೂ ಮೋಚಿಗೊಮೆ ಎಂಬ ಅಂಟಕ್ಕಿಯೇ. ಪಿಷ್ಟದ ಎರಡು ಘಟಕಗಳ ಪೈಕಿ ಅಮೈಲೋಸ್ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಹೆಚ್ಚುಕಡಿಮೆ ಎಲ್ಲವೂ ಅಮೈಲೋಪೆಕ್ಟಿನ್ ಆಗಿರುವುದರಿಂದಲೇ ಬೆಂದಾಗ ಆ ಜಗ್ಗುವ ಗುಣ ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ನಿಗೂ ಈ ಅಂಟಿಗೂ ಸಂಬಂಧವಿಲ್ಲ. ವ್ಯತ್ಯಾಸವಿರುವುದು ಬೀಸುವ ಕ್ರಮದಲ್ಲಿ. ಮೋಚಿಕೊಗೆ ಅಕ್ಕಿಯನ್ನು ತೊಳೆದು, ಬೀಸಿ, ಒಣಗಿಸಿ ನುಣುಪಾದ ಪುಡಿ ಮಾಡುತ್ತಾರೆ. ಶಿರಾತಮಾಕೊಗೆ ನೆನೆಸಿದ ಅಕ್ಕಿಯನ್ನು ನೀರಿನೊಂದಿಗೆ ರುಬ್ಬಿ, ತಳದಲ್ಲಿ ನಿಂತ ಪಿಷ್ಟವನ್ನು ಹಿಂಡಿ ಒಣಗಿಸುತ್ತಾರೆ. ಆದ್ದರಿಂದ ಅದು ಪುಡಿಯಾಗಿರದೆ ಸಣ್ಣ ಸಣ್ಣ ಹರಳುಗಳಂತೆ ಇರುತ್ತದೆ.

ಮೋಚಿಕೊವನ್ನು ನಾನು ಪರೀಕ್ಷಿಸಿದ್ದು ಬೆಣ್ಣೆ ಮೋಚಿಯಲ್ಲಿ. ಹವಾಯಿಗೆ ವಲಸೆ ಹೋದ ಜಪಾನೀಯರ ಪರಂಪರೆಯಿಂದ ಅಲ್ಲಿ ಬೆಳೆದುಬಂದ, ಓವನ್ನಿನಲ್ಲಿ ಬೇಯುವ ಸಿಹಿ ಇದು. 225 ಗ್ರಾಂ ಹಿಟ್ಟು, 150 ಗ್ರಾಂ ಸಕ್ಕರೆ, ಒಂದು ಚಮಚ ಬೇಕಿಂಗ್ ಪೌಡರ್, ತಲಾ 200 ಮಿಲಿ ತೆಂಗಿನ ಹಾಲು ಮತ್ತು ಹಸುವಿನ ಹಾಲು, ಎರಡು ಮೊಟ್ಟೆ, ಕರಗಿಸಿದ 60 ಗ್ರಾಂ ಬೆಣ್ಣೆ ಸೇರಿಸಿ, 20 ಸೆಂ.ಮೀ. ಚೌಕದ ತಟ್ಟೆಯಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಬೇಯಿಸಿದೆ. ಹಿಟ್ಟು ಗಂಟು ಕಟ್ಟಲಿಲ್ಲ. ಗ್ಲುಟೆನ್ ಇಲ್ಲದ ಕಾರಣ ಎಷ್ಟು ಕಲಸಿದರೂ ಬಿರುಸಾಗುವ ಭಯವಿಲ್ಲ ಎಂಬುದು ಹೊಸದಾಗಿ ಕಲಿಯುವವರಿಗೆ ದೊಡ್ಡ ಅನುಕೂಲ. ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ಅಂಚುಗಳು ಅದಕ್ಕಿಂತಲೂ ರುಚಿಯಾಗಿದ್ದವು, ಒಳಗೆ ಮಾತ್ರ ಮೃದುವಾಗಿ ಜಗ್ಗುತ್ತಿತ್ತು. ಆದರೆ ಹಿಟ್ಟು ತೆಳ್ಳಗಿದ್ದು ಪಿಷ್ಟ ಬೇಗ ತಳಕ್ಕಿಳಿಯುವುದರಿಂದ ತಟ್ಟೆಗೆ ಸುರಿಯುವ ಮುನ್ನ ಮತ್ತೊಮ್ಮೆ ಕದಡಲೇಬೇಕು. ಬಿಸಿಯಿರುವಾಗ ಕತ್ತರಿಸಲು ಆತುರಪಟ್ಟು ಒಂದು ಇಡೀ ತಟ್ಟೆಯನ್ನು ಮುದ್ದೆ ಮಾಡಿಕೊಂಡ ಮೇಲೆ, ಪೂರ್ತಿ ಆರುವ ತನಕ ಚಾಕು ಹಚ್ಚಬಾರದೆಂದು ನನಗೆ ತಿಳಿಯಿತು.

ಇದೇ ತಿನಿಸಿಗೆ ಶಿರಾತಮಾಕೊ ಹಾಕಿಯೂ ನೋಡಿದೆ. ಹರಳುಗಳು ಕರಗಲು ಬಹಳ ಹೊತ್ತು ಹಿಡಿಯಿತು, ಅದರ ನಯವೆಲ್ಲ ಬೆಣ್ಣೆ ಮತ್ತು ತೆಂಗಿನ ಹಾಲಿನಲ್ಲಿ ಮರೆಯಾಯಿತು. ಅದರ ಶ್ರೇಷ್ಠತೆ ಕಾಣುವುದು ದಾಂಗೊ ಉಂಡೆಗಳಲ್ಲಿ: 100 ಗ್ರಾಂ ಹಿಟ್ಟಿಗೆ 80ರಿಂದ 90 ಮಿಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಜಪಾನೀಯರು ಹೇಳುವಂತೆ ಕಿವಿಯ ಹಾಲೆಯಷ್ಟು ಮೆತ್ತಗೆ ನಾದಿ, ಕುದಿಯುವ ನೀರಿನಲ್ಲಿ ತೇಲಿದ ಮೇಲೂ ಒಂದೆರಡು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ, ಹೊಳೆಯುವ, ನುಣ್ಣನೆಯ ಉಂಡೆಗಳು ಸಿಗುತ್ತವೆ. ಅಜುಕಿ ಕಾಳಿನ ಹೂರಣ ತುಂಬುವ ದೈಫುಕುವಿನ ಹೊದಿಕೆಗೂ ನಾನು ಇದನ್ನೇ ಆರಿಸುತ್ತೇನೆ; ಮೋಚಿಕೊದಲ್ಲಿ ಹಸಿ ಹಿಟ್ಟಿನ ವಾಸನೆ ತುಸು ಉಳಿದಂತೆ ನನಗೆ ಅನ್ನಿಸಿತು.

ಯಾವ ಹಿಟ್ಟಿನಿಂದ ಮಾಡಿದರೂ ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬಿಗಿದುಕೊಂಡು ತಿನಿಸು ಗಟ್ಟಿಯಾಗುತ್ತದೆ. ಸಕ್ಕರೆ ಇದನ್ನು ನಿಧಾನಗೊಳಿಸುವುದರಿಂದ ಹೇಳಿದ ಅಳತೆಗಿಂತ ಅದನ್ನು ತೀರ ಕಡಿಮೆ ಮಾಡಬಾರದು. ದಾಂಗೊವನ್ನು ಅಂದೇ ತಿಂದು ಮುಗಿಸುವುದು ಒಳ್ಳೆಯದು. ಮಿಕ್ಕ ಬೆಣ್ಣೆ ಮೋಚಿಯನ್ನು ಒಂದೊಂದೇ ತುಂಡಾಗಿ ಸುತ್ತಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಬಿಸಿ ಮಾಡಿದರೆ ಒಳಭಾಗ ಮತ್ತೆ ಮೆತ್ತಗಾಗುತ್ತದೆ.