‘ಕ್ಲ್ಯಾಶ್ 0’ ಅಂತ ರಿಪೋರ್ಟ್ ಬಂತೆಂದು ಸ್ಲ್ಯಾಬ್ ಹಾಕಿಬಿಡಬೇಡಿ

ಪುಣೆಯ ಬಾಣೇರ್ ಕಡೆ ಒಂದು ಆಫೀಸ್ ಕಟ್ಟಡದಲ್ಲಿ ಆದದ್ದಿದು. ಬಿಐಎಂ ಕೆಲಸ, ಅಂದರೆ ಕಟ್ಟಡದ 3ಡಿ ಮಾಡೆಲ್ ಮಾಡುವುದನ್ನು, ಹೊರಗೆ ಕೊಟ್ಟಿದ್ದರು. ಮಾಡೆಲ್‌ಗಳನ್ನು ಜೋಡಿಸಿ ಯಾವುದು ಯಾವುದಕ್ಕೆ ತಾಗುತ್ತದೆ (ಅದೇ ಕ್ಲ್ಯಾಶ್) ಎಂದು ಹುಡುಕುವ ನೇವಿಸ್‌ವರ್ಕ್ಸ್ ಸಾಫ್ಟ್‌ವೇರ್‌ನಿಂದ ತೆಗೆದ ಪಿಡಿಎಫ್ ಬಂತು: ಬೀಮಿಗೂ ಪ್ಲಂಬಿಂಗಿಗೂ ಕ್ಲ್ಯಾಶ್ 0. ‘ಝಾಲಂ, ಸ್ಲ್ಯಾಬ್ ಭರಾ’ (ಆಯ್ತು, ಸ್ಲ್ಯಾಬ್ ಹಾಕಿ) ಅಂದರು, ಕಾಂಕ್ರೀಟೂ ಬಿತ್ತು. ಶಟರಿಂಗ್ ಬಿಚ್ಚಿ ಪೈಪು ನೇತುಹಾಕುವ ಹ್ಯಾಂಗರ್ ಹೊಡೆಯಲು ದಾರ ಕಟ್ಟಿ ನೋಡಿದರೆ, 110 ಮಿ.ಮೀ. ಡ್ರೈನ್ ಪೈಪು ಬೀಮಿನ ತಳದೊಳಗೆ 35 ಮಿ.ಮೀ. ನುಗ್ಗುತ್ತದೆ!

ಬೀಮಿನ ತಳ ಒಡೆಯುವಂತಿಲ್ಲ, ಮುಖ್ಯ ಸರಳುಗಳಿರುವುದೇ ಅಲ್ಲಿ. ಕರೆಂಟಿನ ಪೈಪಾದರೆ ಬಗ್ಗಿಸಿ ದಾಟಿಸಬಹುದು. ಡ್ರೈನ್ ಇಳಿಜಾರಿನಲ್ಲೇ ಹೋಗಬೇಕು, ಒಮ್ಮೆ ಇಳಿದರೆ ಮತ್ತೆ ಹತ್ತದು. ಕೊನೆಗೆ ಇಡೀ ಲೈನ್ ಇಳಿಸಿದರು, ಅದರ ಜೊತೆ ಫಾಲ್ಸ್ ಸೀಲಿಂಗೂ ಇಳಿಯಿತು.

ತಪ್ಪಿದ್ದದ್ದು ಲೆವೆಲ್‌ನಲ್ಲಿ. ಸ್ಟ್ರಕ್ಚರ್ ಮಾಡೆಲಿಗೆ ಸೊನ್ನೆ ಅಂದರೆ ಸ್ಲ್ಯಾಬಿನ ಮೇಲ್ಮೈ; ಪ್ಲಂಬಿಂಗ್‌ನವರಿಗೆ ಟೈಲ್ಸ್ ಮೇಲ್ಮೈ. ಎರಡರ ನಡುವೆ 75 ಮಿ.ಮೀ. ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಒರಿಜಿನ್ ಟು ಒರಿಜಿನ್ (ಮೂಲಬಿಂದುವಿಗೆ ಮೂಲಬಿಂದು) ಲಿಂಕ್ ಮಾಡಿದಾಗ ಸೊನ್ನೆಯ ಮೇಲೆ ಸೊನ್ನೆ ಕೂತು, ಪೈಪು ಇರಬೇಕಾದ್ದಕ್ಕಿಂತ 75 ಮಿ.ಮೀ. ಕೆಳಗೆ ಹೋಯಿತು. ಹಾಗಾಗಿ ಸ್ಕ್ರೀನ್ ಮೇಲೆ ಬೀಮಿನ ಕೆಳಗೆ 40 ಮಿ.ಮೀ. ಸಂದು, ಸೈಟಿನಲ್ಲಿ ಮೈನಸ್ 35. ಎರಡು ಮಾಡೆಲ್‌ನಲ್ಲೂ ಲೆವೆಲ್‌ನ ಹೆಸರು ಒಂದೇ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಲೆವೆಲ್ ಸರಿಯಿದ್ದಿದ್ದರೂ ಇದು ಸಿಕ್ಕುತ್ತಿರಲಿಲ್ಲ ಅನ್ನುವುದು ಇನ್ನೊಂದು ಕಥೆ. ಟಾಲರೆನ್ಸ್ 50 ಮಿ.ಮೀ. ಇಟ್ಟಿದ್ದರು. ಹಾರ್ಡ್ ಕ್ಲ್ಯಾಶ್‌ನಲ್ಲಿ (ಒಂದರೊಳಗೊಂದು ನುಗ್ಗಿದ್ದನ್ನು ಹುಡುಕುವ ಟೆಸ್ಟ್) ಅದಕ್ಕಿಂತ ಕಡಿಮೆ ಒಳಹೊಕ್ಕಿದ್ದನ್ನು ಸಾಫ್ಟ್‌ವೇರ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡ್ರೈನ್–ಬೀಮ್ ಟೆಸ್ಟಿಗೆ 5ರಿಂದ 10 ಇಡಿಸಿ. ಪಟ್ಟಿ ಉದ್ದ ಬರುತ್ತದೆ ಅಂತ ಮಾಡೆಲಿಂಗ್‌ನವರು ಗೊಣಗುತ್ತಾರೆ, ಗೊಣಗಲಿ.

ಬರೀ ಪಿಡಿಎಫ್‌ಗೆ ಬಿಲ್ ಪಾಸ್ ಮಾಡಬೇಡಿ. ಎನ್‌ಡಬ್ಲ್ಯುಎಫ್ (ಮಾಡೆಲ್‌ಗಳನ್ನು ಜೋಡಿಸಿದ ನೇವಿಸ್‌ವರ್ಕ್ಸ್ ಫೈಲ್), ಎನ್‌ಡಬ್ಲ್ಯುಸಿ (ನೇವಿಸ್‌ವರ್ಕ್ಸ್‌ಗೆಂದು ತೆಗೆದ ಒಂದೊಂದು ಮಾಡೆಲಿನ ಪ್ರತಿ), ಆರ್‌ವಿಟಿ (ರೆವಿಟ್‌ನ ಮೂಲ ಫೈಲ್) ಮೂರೂ ಕೇಳಿ. ರೆವಿಟ್ ಯಾವ ವರ್ಷದ್ದೆಂದು ಮೊದಲೇ ಗೊತ್ತುಮಾಡಿಕೊಳ್ಳಿ, 2024ರಲ್ಲಿ ಸೇವ್ ಆದದ್ದು 2023ರಲ್ಲಿ ತೆರೆಯುವುದಿಲ್ಲ. ರಿಪೋರ್ಟಿನ ತಲೆಯಲ್ಲಿ ಟಾಲರೆನ್ಸ್ ಬರೆದಿರುತ್ತದೆ, ಅದೇ ಸಾಲಿನಲ್ಲಿ ‘ಅಪ್ರೂವ್ಡ್’ ಕಾಲಂ ಕೂಡ. ನ್ಯೂ (ಹೊಸದಾಗಿ ಸಿಕ್ಕಿದ್ದು) 0, ಆ್ಯಕ್ಟಿವ್ (ಹಿಂದಿನಿಂದ ಉಳಿದದ್ದು) 0, ಅಪ್ರೂವ್ಡ್ ಮಾತ್ರ ನೂರಾರು ಇದ್ದರೆ ಕ್ಲ್ಯಾಶ್ ಹೋಗಿಲ್ಲ, ಯಾರೋ ಕೂತು ಒಪ್ಪಿಗೆ ಒತ್ತಿದ್ದಾರೆ ಅಷ್ಟೆ. ಎನ್‌ಡಬ್ಲ್ಯುಸಿಯನ್ನು ‘ಕರೆಂಟ್ ವ್ಯೂ’ನಿಂದ ತೆಗೆದಿದ್ದರೆ, ಆ ವ್ಯೂನಲ್ಲಿ ಮರೆಮಾಡಿದ ಪೈಪು, ಇನ್ಸುಲೇಶನ್ ಯಾವುದೂ ಟೆಸ್ಟಿಗೇ ಬಂದಿರುವುದಿಲ್ಲ.

ಸ್ಲ್ಯಾಬ್ ಡ್ರಾಯಿಂಗ್ ಬಿಡುವ ಮುಂಚೆ ಒಂದು ಸೆಕ್ಷನ್ ತೆಗೆಸಿ, ಬೀಮಿನ ತಳದಿಂದ ಪೈಪಿನ ನೆತ್ತಿಗೆ ಅಳತೆ ಹಾಕಿಸಿ, ಸ್ಲ್ಯಾಬಿನ ಮೇಲ್ಮೈಗೂ ಟೈಲ್ಸ್ ಮೇಲ್ಮೈಗೂ ಇರುವ ಅಂತರ ಹಿಡಿದು ಕೈಯಲ್ಲೇ ಲೆಕ್ಕ ಮಾಡಿ. ಆಮೇಲೆ ಬೇಕಂತಲೇ ಒಂದು ಪೈಪನ್ನು ಬೀಮಿನ ನಟ್ಟನಡುವೆ ತೂರಿಸಿ, ಟೆಸ್ಟ್ ಮತ್ತೆ ಓಡಿಸಲು ಹೇಳಿ. ಆಗಲೂ 0 ಬಂದರೆ ಸೆಟ್ (ಟೆಸ್ಟಿಗೆ ಆರಿಸಿದ ಬೀಮು, ಪೈಪುಗಳ ಗುಂಪು) ತೆರೆದು ನೋಡಿ. ಹೆಸರು ಹುಡುಕಿ ತುಂಬಿಕೊಳ್ಳುವ ಸರ್ಚ್ ಸೆಟ್‌ನಲ್ಲಿ ಹೆಸರು ಹೊಂದದೆ ಅದು ಖಾಲಿ ಇದ್ದರೂ ರಿಪೋರ್ಟ್ 0 ಅಂತಲೇ ಬರುತ್ತದೆ.